ಕುತ್ತಿಗೆಯ ರಕ್ತನಾಳದ ಬ್ಲಾಕ್: ಹೆಂಗಸರಿಗೆ ಆಪರೇಷನ್ ಮಾಡಿಸಿ ಪ್ರಯೋಜನ ಇಲ್ಲವಂತೆ, ಹೌದಾ?

ಕಾಪು_ದೀಪಸ್ತಂಭ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು, ಉದ್ದ ಆದರೂ ಓದಿ. ಅಮ್ಮನಿಗೆ 71 ವರ್ಷ. ಬಿಪಿ, ಶುಗರ್ ಎರಡೂ ಇದೆ, ಮಾತ್ರೆ ತಪ್ಪಿಸುವುದಿಲ್ಲ. ಕಳೆದ ವಾರ ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಬಲಗೈಯಲ್ಲಿ ಶಕ್ತಿ ಇಲ್ಲ, ಮಾತು ತೊದಲಿತು. ಸುಮಾರು ಕಾಲು ಗಂಟೆಯಲ್ಲಿ ಎಲ್ಲ ಮೊದಲಿನ ಹಾಗೆ ಆಯಿತು. "ನಿದ್ದೆ ಆಗಲಿಲ್ಲ, ಅದಕ್ಕೇ" ಅಂತ ಅವರೇ ಹೇಳಿ ಅಡುಗೆಗೆ ಹೋದರು. ನಮ್ಮ ಊರಿನ ಡಾಕ್ಟರು ಮಾತ್ರ ಬಿಡಲಿಲ್ಲ, ಸ್ಕ್ಯಾನಿಗೆ ಕಳಿಸಿದರು. ಸಿಟಿ ಆಂಜಿಯೋದಲ್ಲಿ ಎಡಗಡೆಯ ಕೆರೋಟಿಡ್, ಅಂದರೆ ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳದಲ್ಲಿ 80% ಬ್ಲಾಕ್ ಅಂತ ಬಂದಿದೆ.

ಉಡುಪಿ ಕಡೆಯ ಒಬ್ಬರು ಕುತ್ತಿಗೆ ಓಪನ್ ಮಾಡಿ ಕ್ಲೀನ್ ಮಾಡುವ ಅಂದರು. ಮಂಗಳೂರಿನಲ್ಲಿ ಇನ್ನೊಬ್ಬರು ಸ್ಟೆಂಟ್ ಅಂದರು. ಇದರ ಮಧ್ಯೆ ಚಿಕ್ಕಪ್ಪ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿದ್ದಾರೆ. ಈ ಆಪರೇಷನ್ನಿನಲ್ಲಿ ಹೆಂಗಸರಿಗೆ ರಿಸ್ಕ್ ಡಬಲ್, ಲಾಭ ಗಂಡಸರ ಕಾಲು ಭಾಗವೂ ಇಲ್ಲ, ಸುಮ್ನೆ ಮಾತ್ರೆಯಲ್ಲೇ ಇರಿ ಅಂತ. ಅಣ್ಣ ದುಬೈಯಲ್ಲಿದ್ದಾನೆ, ಮುಂದಿನ ತಿಂಗಳು ಬರುತ್ತಾನೆ, ಅವನು ಬಂದ ಮೇಲೆ ತೀರ್ಮಾನ ಮಾಡುವ ಅಂತ ಮನೆಯಲ್ಲಿ ಮಾತು. ಆ ಮೆಸೇಜ್ ನಿಜವಾ? ಗೊತ್ತಿರುವವರು ಹೇಳಿ.

ಮಣ್ಣಗುಡ್ಡೆ_ಮಾವ
ಸ್ಟೆಂಟೇ ಒಳ್ಳೆಯದು ಮಾರಾಯ್ರೆ. ನಮ್ಮ ಭಾವನಿಗೆ ತೊಡೆಯಲ್ಲಿ ಒಂದು ತೂತು ಮಾಡಿ ಹಾಕಿದರು, ಎರಡು ದಿನದಲ್ಲಿ ಮನೆಗೆ ಬಂದು ಮೀನು ಸಾರು ಊಟ ಮಾಡಿದರು. ಈ ಕಾಲದಲ್ಲಿ ಕುತ್ತಿಗೆ ಕೊಯ್ಯಿಸಿಕೊಳ್ಳುವುದು ಯಾಕೆ?

ನೈಟ್‌ಡ್ಯೂಟಿ
ಮಾವ, ನಿಮ್ಮ ಭಾವ ಗಂಡಸು. ಇಲ್ಲಿ ಪ್ರಶ್ನೆ ಇರುವುದೇ ಅದರ ಮೇಲೆ. :)

ನಾನು ಮಂಗಳೂರಿನಲ್ಲಿ ನ್ಯೂರಾಲಜಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸ್ಕ್ಯಾನಿನ ಫಿಲ್ಮ್ ನೋಡದೆ ಇಂಥದ್ದೇ ಮಾಡಿಸಿ ಅಂತ ಹೇಳುವುದಿಲ್ಲ. ಆದರೆ ಒಂದು ಮಾತು ಈಗಲೇ ಹೇಳುತ್ತೇನೆ. ಮುಂದಿನ ತಿಂಗಳು ಅಂತ ಕೂತರೆ ಆಗುವುದಿಲ್ಲ. ಅಮ್ಮನಿಗೆ ಆದದ್ದು ನಿದ್ದೆಗೆಟ್ಟ ಸುಸ್ತಲ್ಲ, ಅದು ಟಿಐಎ, ಅಂದರೆ ಬಂದು ಹೋದ ಸ್ಟ್ರೋಕ್. ಬಲಗೈಯನ್ನೂ ಮಾತನ್ನೂ ನೋಡಿಕೊಳ್ಳುವುದು ಮೆದುಳಿನ ಎಡಭಾಗ, ಹಾಗಾಗಿ ಎಡಗಡೆ ಬ್ಲಾಕ್, ಬಲಗೈ ಸೋತದ್ದು, ಮಾತು ಹೋದದ್ದು, ಎಲ್ಲ ಸರಿಯಾಗಿ ಹೊಂದುತ್ತದೆ. ಇಂಥವರಿಗೆ ಮತ್ತೊಮ್ಮೆ ಆಗುವ ಅಪಾಯ ಜಾಸ್ತಿ ಇರುವುದು ಮೊದಲ ಕೆಲವು ದಿನಗಳಲ್ಲಿ. ಆಪರೇಷನ್ ಮಾಡುವುದಾದರೆ 14 ದಿನದ ಒಳಗೆ ಮಾಡಿ ಅಂತ ಗೈಡ್‌ಲೈನುಗಳು ಹೇಳುವುದು ಅದಕ್ಕೇ.

ಈಗ ಆ ಮೆಸೇಜಿನ ವಿಷಯ. ಅದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. 2004ರಲ್ಲಿ ರೋಥ್‌ವೆಲ್ ಅನ್ನುವ ಸಂಶೋಧಕರು ಮತ್ತು ಜೊತೆಯವರು ಎರಡು ದೊಡ್ಡ ಟ್ರಯಲ್‌ಗಳ (ಆಪರೇಷನ್ ಆದವರನ್ನೂ ಬರೀ ಮಾತ್ರೆಯಲ್ಲಿದ್ದವರನ್ನೂ ಹೋಲಿಸಿದ ಅಧ್ಯಯನಗಳ), ಅಮೆರಿಕ-ಕೆನಡಾದ ನಾಸೆಟ್ ಮತ್ತು ಯುರೋಪಿನ ಇಸಿಎಸ್‌ಟಿಯ, 5893 ರೋಗಿಗಳ ಲೆಕ್ಕ ಒಟ್ಟು ಸೇರಿಸಿ ನೋಡಿದರು. ಎಲ್ಲರೂ ಲಕ್ಷಣ ಬಂದವರು, ಅಂದರೆ ಟಿಐಎ ಅಥವಾ ಸ್ಟ್ರೋಕ್ ಆದವರು. 50%ಕ್ಕಿಂತ ಜಾಸ್ತಿ ಬ್ಲಾಕ್ ಇದ್ದವರಲ್ಲಿ 5 ವರ್ಷದಲ್ಲಿ ಒಂದು ಸ್ಟ್ರೋಕ್ ತಪ್ಪಿಸಬೇಕಾದರೆ 9 ಗಂಡಸರಿಗೆ ಆಪರೇಷನ್ ಮಾಡಬೇಕು, ಹೆಂಗಸರಾದರೆ 36 ಜನರಿಗೆ. ನಿಮ್ಮ ಚಿಕ್ಕಪ್ಪನ "ಕಾಲು ಭಾಗ" ಬಂದದ್ದು ಇಲ್ಲಿಂದ ಅಂತ ನನ್ನ ಅಂದಾಜು. ಆಪರೇಷನ್ ಸಮಯದಲ್ಲಿ ಸ್ಟ್ರೋಕ್ ಅಥವಾ ಸಾವು ಆದದ್ದು ಕೂಡ ಹೆಂಗಸರಲ್ಲಿ ಸ್ವಲ್ಪ ಜಾಸ್ತಿ, 8.7%. ಗಂಡಸರಲ್ಲಿ 6.8%. ಜಾಸ್ತಿ ಹೌದು, ಡಬಲ್ ಅಲ್ಲ.

ಆದರೆ ಅದೇ ಲೇಖನದಲ್ಲಿ ಇನ್ನೊಂದು ಜೋಡಿ ಅಂಕಿ ಉಂಟು, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಲಕ್ಷಣ ಬಂದು 2 ವಾರದೊಳಗೆ ಟ್ರಯಲ್‌ಗೆ ಸೇರಿದವರಲ್ಲಿ 5 ಜನರಿಗೆ ಮಾಡಿದರೆ ಒಂದು ಸ್ಟ್ರೋಕ್ ತಪ್ಪುತ್ತದೆ. 12 ವಾರ ದಾಟಿದ ಮೇಲೆ 125 ಜನರಿಗೆ ಮಾಡಬೇಕು. ಗಂಡು ಹೆಣ್ಣಿನ ವ್ಯತ್ಯಾಸ ನಾಲ್ಕು ಪಟ್ಟಾದರೆ, ತಡ ಮಾಡಿದ್ದರ ವ್ಯತ್ಯಾಸ 25 ಪಟ್ಟು! ಮತ್ತೆ ತಡ ಆದರೆ ಲಾಭ ಬೇಗ ಕರಗುವುದು ಹೆಂಗಸರಲ್ಲೇ. ಎರಡು ವಾರ ದಾಟಿದ ಹೆಂಗಸರಲ್ಲಿ ಆಪರೇಷನ್ನಿನಿಂದ ಒಟ್ಟಾರೆ ಲಾಭ ಕಾಣಲೇ ಇಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ತೀರ್ಮಾನ ಆಗಬೇಕಾದದ್ದು ಅಣ್ಣ ಯಾವಾಗ ಬರುತ್ತಾನೆ ಅಂತ ಅಲ್ಲ.

ಲೆಕ್ಕದ_ಮೇಷ್ಟ್ರು
ಮಣಿಪಾಲದಿಂದ. ವೈದ್ಯ ಅಲ್ಲ, ಸಂಖ್ಯಾಶಾಸ್ತ್ರ ಪಾಠ ಮಾಡುವವನು, ವೈದ್ಯಕೀಯ ಪೇಪರ್‌ಗಳ ಲೆಕ್ಕ ನೋಡಿ ಕೊಡುವ ಅಭ್ಯಾಸ ಉಂಟು.

ನೈಟ್‌ಡ್ಯೂಟಿಯವರು ಹೇಳಿದ 36 ಎಲ್ಲಿಂದ ಬಂತು ಅಂತ ಸ್ವಲ್ಪ ಬಿಡಿಸಬೇಕು. ಅದು 50%ಕ್ಕಿಂತ ಜಾಸ್ತಿ ಬ್ಲಾಕ್ ಇದ್ದ ಎಲ್ಲ ಹೆಂಗಸರನ್ನೂ ಒಂದೇ ಬುಟ್ಟಿಗೆ ಹಾಕಿದ ಅಂಕಿ. ನಾಸೆಟ್‌ನ ಹೆಂಗಸರ ಲೆಕ್ಕವನ್ನು 2005ರಲ್ಲಿ ಬೇರೆಯಾಗಿ ಪ್ರಕಟಿಸಿದ್ದಾರೆ. ಅದರಲ್ಲಿ 50 ರಿಂದ 69% ಬ್ಲಾಕ್ ಇದ್ದವರನ್ನು ನೋಡಿ. ಆಪರೇಷನ್ನಿನಿಂದ 5 ವರ್ಷದಲ್ಲಿ ಸ್ಟ್ರೋಕ್ ಕಡಿಮೆಯಾದದ್ದು ಗಂಡಸರಲ್ಲಿ ನೂರಕ್ಕೆ 10, ಹೆಂಗಸರಲ್ಲಿ ನೂರಕ್ಕೆ 3 ಮಾತ್ರ. ಇಲ್ಲಿ ಹೆಂಗಸರಿಗೆ ಲಾಭ ಇಲ್ಲ ಅಂದರೂ ನಡೆಯುತ್ತದೆ. ಈಗ 70% ಮತ್ತು ಅದಕ್ಕಿಂತ ಜಾಸ್ತಿ ಬ್ಲಾಕ್ ಇದ್ದವರು. ಗಂಡಸರಲ್ಲಿ 17.3, ಹೆಂಗಸರಲ್ಲಿ 15.1. ಎಲ್ಲಿದೆ ಸ್ವಾಮಿ ನಾಲ್ಕು ಪಟ್ಟು?

ಕಾಪುವಿನವರ ಅಮ್ಮನಿಗೆ 80%. ಅವರು ಎರಡನೆಯ ಗುಂಪಿನವರು. ಮೆಸೇಜ್ ಬರೆದ ಪುಣ್ಯಾತ್ಮ ಮೊದಲನೆಯ ಗುಂಪಿನ ಹೆಂಗಸರ ಲೆಕ್ಕವನ್ನು ಎಲ್ಲ ಹೆಂಗಸರಿಗೂ ಹಚ್ಚಿದ್ದಾನೆ.

ಇನ್ನೊಂದು ಎಚ್ಚರಿಕೆ. ಈ ಟ್ರಯಲ್‌ಗಳಲ್ಲಿ ಹೆಂಗಸರು ಮೂರನೇ ಒಂದು ಭಾಗದ ಆಸುಪಾಸು. ಸಂಖ್ಯೆ ಸಣ್ಣದಾದಷ್ಟು ಅಂಕಿ ಆಚೀಚೆ ಓಲಾಡುತ್ತದೆ. ಒಂದು ದೊಡ್ಡ ಟ್ರಯಲನ್ನು ಹೆಂಗಸರು, ವಯಸ್ಸಾದವರು, ಶುಗರ್ ಇದ್ದವರು ಅಂತ ಹೋಳು ಮಾಡುತ್ತಾ ಹೋದರೆ ಒಂದಲ್ಲ ಒಂದು ಹೋಳಿನಲ್ಲಿ ಏನಾದರೂ ವಿಚಿತ್ರ ಕಂಡೇ ಕಾಣುತ್ತದೆ. "ಹೆಂಗಸರಿಗೆ ಲಾಭ ಸಾಬೀತಾಗಿಲ್ಲ" ಅನ್ನುವುದಕ್ಕೂ "ಹೆಂಗಸರಿಗೆ ಲಾಭ ಇಲ್ಲ ಅಂತ ಸಾಬೀತಾಗಿದೆ" ಅನ್ನುವುದಕ್ಕೂ ಅಜಗಜಾಂತರ.

ಕುಂದಾಪ್ರ_ಕೊಂಕಣ
ಮೂರನೇ ಒಂದು ಭಾಗ ಯಾಕೆ? ಹೆಂಗಸರಿಗೆ ಈ ಕಾಯಿಲೆ ಕಡಿಮೆಯಾ, ಅಥವಾ ಅವರನ್ನು ಸೇರಿಸಿಕೊಳ್ಳುವುದಿಲ್ಲವಾ?

ನೈಟ್‌ಡ್ಯೂಟಿ
ಎರಡೂ. ಕುತ್ತಿಗೆಯ ಬ್ಲಾಕ್ ಗಂಡಸರಲ್ಲಿ ಜಾಸ್ತಿ, ಬೇಗನೂ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಏರುತ್ತದೆ, ಹಾಗಾಗಿ ಅವರು ಆಸ್ಪತ್ರೆಗೆ ಬರುವಾಗ ವಯಸ್ಸೂ ಜಾಸ್ತಿ, ಜೊತೆಗೆ ಬೇರೆ ಕಾಯಿಲೆಗಳೂ. ಟ್ರಯಲ್‌ಗಳಿಗೆ ವಯಸ್ಸಾದವರನ್ನು, ಬೇರೆ ಕಾಯಿಲೆ ಇದ್ದವರನ್ನು ಸೇರಿಸುವುದು ಕಡಿಮೆ. ಅಲ್ಲಿ ಹೆಂಗಸರು ಸೋಸಿ ಹೋಗುತ್ತಾರೆ.

ತಮಾಷೆ ಅಂದರೆ ಈ ಆಪರೇಷನ್ನಿನ ಕಥೆ ಜಗತ್ತಿಗೆ ಗೊತ್ತಾದದ್ದೇ ಒಬ್ಬ ಹೆಂಗಸಿನಿಂದ. 1954ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್, ಪಿಕರಿಂಗ್, ರಾಬ್ ಅನ್ನುವವರು ಪದೇ ಪದೇ ಟಿಐಎ ಬರುತ್ತಿದ್ದ 66 ವರ್ಷದ ಹೆಂಗಸಿನ ಕೆರೋಟಿಡ್‌ನ ಬ್ಲಾಕ್ ಆದ ತುಂಡನ್ನು ತೆಗೆದು ಮತ್ತೆ ಜೋಡಿಸಿದರು. ಅದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮೇಲೆಯೇ ಎಲ್ಲರಿಗೂ ಧೈರ್ಯ ಬಂದದ್ದು. ಡಿಬೇಕಿ ಅನ್ನುವ ಸರ್ಜನ್ 1953ರಲ್ಲೇ ಅಮೆರಿಕದಲ್ಲಿ ಮಾಡಿದ್ದರು, ಆದರೆ ಅದನ್ನು ಪ್ರಕಟಿಸಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ಹಸಿರುಮದ್ದು
ಇಷ್ಟೆಲ್ಲ ಯಾಕೆ? ಬೆಳ್ಳುಳ್ಳಿ, ಶುಂಠಿ, ಲಿಂಬೆ, ಜೇನು ಸೇರಿಸಿ ಕಷಾಯ ಮಾಡಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸಿ. ಬ್ಲಾಕ್ ಕರಗುತ್ತದೆ. ನಾವು ಎಷ್ಟೋ ಜನರಿಗೆ ಕೊಟ್ಟಿದ್ದೇವೆ.

ಸ್ಕ್ಯಾನ್‌ರೂಮ್
ಕರಗಿದ್ದನ್ನು ಮೊದಲು ಮತ್ತು ನಂತರ ಸ್ಕ್ಯಾನ್ ಮಾಡಿ ನೋಡಿದ್ದೀರಾ? ನಾನು ಡಾಪ್ಲರ್, ಅಂದರೆ ರಕ್ತನಾಳದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡುವವಳು. ಬ್ಲಾಕ್ ಅಂದರೆ ಅದರಲ್ಲಿ ಸುಣ್ಣ ಕಟ್ಟಿರುತ್ತದೆ, ನಾರು ಬೆಳೆದಿರುತ್ತದೆ. ಅದು ಕಷಾಯಕ್ಕೆ ಹೆದರುವ ಜಾತಿ ಅಲ್ಲ. ಕುಡಿಯುವವರು ಕುಡಿಯಲಿ, ರಕ್ತ ಗಡ್ಡೆ ಕಟ್ಟದ ಹಾಗೆ ಕೊಡುವ ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರ ನಿಲ್ಲಿಸಬೇಡಿ.

ಬಂದದ್ದು ಬೇರೆ ವಿಷಯ ಹೇಳಲಿಕ್ಕೆ. ಹೆಂಗಸರ ಕೆರೋಟಿಡ್ ನಿಜವಾಗಿಯೂ ಸಣ್ಣದು. ಕುತ್ತಿಗೆ ಸಣ್ಣ ಅಂತ ಮಾತ್ರ ಅಲ್ಲ. ದೇಹದ ಗಾತ್ರ, ವಯಸ್ಸು ಎಲ್ಲ ಲೆಕ್ಕಕ್ಕೆ ಹಿಡಿದರೂ ಸರಾಸರಿ ಸುಮಾರು ಅರ್ಧ ಮಿಲಿಮೀಟರ್ ಸಣ್ಣ. ಮೆದುಳಿಗೆ ಹೋಗುವ ಇಂಟರ್ನಲ್ ಕೆರೋಟಿಡ್ ಗಂಡಸರಲ್ಲಿ 5 ಮಿಲಿಮೀಟರ್‌ಗಿಂತ ಚೂರು ಜಾಸ್ತಿ, ಹೆಂಗಸರಲ್ಲಿ ನಾಲ್ಕೂವರೆ ಚಿಲ್ಲರೆ. ಕೇಳಲಿಕ್ಕೆ ಏನೂ ಅಲ್ಲ ಅನಿಸುತ್ತದೆ. ತೋಟಕ್ಕೆ ನೀರು ಬಿಡುವವರನ್ನು ಕೇಳಿ, ಅರ್ಧ ಇಂಚಿನ ಪೈಪಿನಲ್ಲಿ ಪಾಚಿ ಕಟ್ಟಿದರೂ ಮುಕ್ಕಾಲು ಇಂಚಿನ ಪೈಪಿನಲ್ಲಿ ಕಟ್ಟಿದರೂ ಒಂದೇನಾ ಅಂತ. ಸಣ್ಣ ನಾಳದಲ್ಲಿ ಹೊಲಿಗೆ ಹಾಕುವುದು ಕಷ್ಟ. ಹೊಲಿದ ಮೇಲೆ ಒಳಗೆ ಚರ್ಮದ ಗಾಯದ ಹಾಗೆ ತುಸು ದಪ್ಪ ಆದರೂ ಜಾಗ ಮತ್ತೆ ಕಡಿಮೆ ಆಗುತ್ತದೆ. ಆಪರೇಷನ್ ಆದ ಮೇಲೆ ಮತ್ತೆ ಬ್ಲಾಕ್ ಆಗುವುದು ಹೆಂಗಸರಲ್ಲಿ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಸ್ಟೆಂಟನ್ನೂ ಆಪರೇಷನ್ನನ್ನೂ ಹೋಲಿಸಿದ ಕ್ರೆಸ್ಟ್ ಅನ್ನುವ ಟ್ರಯಲ್‌ನಲ್ಲಿ ಮತ್ತೆ ಬ್ಲಾಕ್ ಆಗುವುದಕ್ಕೆ ಮೂರು ಕಾರಣ ಎದ್ದು ಕಂಡವು. ಹೆಣ್ಣಾಗಿರುವುದು, ಶುಗರ್, ಕೊಲೆಸ್ಟರಾಲ್ ಏರುಪೇರು.

ಇದಕ್ಕೆ ದಾರಿಯೂ ಉಂಟು. ನಾಳವನ್ನು ಸೀದಾ ಹೊಲಿಯುವ ಬದಲು ಒಂದು ಪ್ಯಾಚ್ ಇಟ್ಟು ಅಗಲ ಮಾಡಿ ಹೊಲಿಯುತ್ತಾರೆ. ದನದ ಹೃದಯದ ಪೊರೆಯ ಪ್ಯಾಚ್, ಸಿಂಥೆಟಿಕ್ ಬಟ್ಟೆಯದ್ದು, ಅಥವಾ ನಮ್ಮದೇ ಕಾಲಿನ ರಕ್ತನಾಳದ ತುಂಡು. ಮನೆಯಲ್ಲಿ ದನದ್ದು ಬೇಡ ಅನ್ನುವವರು ಇದ್ದರೆ ಮೊದಲೇ ಸರ್ಜನ್ ಹತ್ತಿರ ಹೇಳಿ, ಬೇರೆಯದ್ದು ಹಾಕುತ್ತಾರೆ. ಪ್ಯಾಚ್ ಹಾಕುತ್ತೀರಾ ಅಂತ ಕೇಳುವುದನ್ನು ಮರೆಯಬೇಡಿ.

ಡಾಪ್ಲರ್ ಬಗ್ಗೆಯೂ ಒಂದು ಮಾತು. ನಾವು ಬ್ಲಾಕ್ ಎಷ್ಟು ಅಂತ ಹೇಳುವುದು ರಕ್ತದ ವೇಗ ನೋಡಿ. ಹೆಂಗಸರಲ್ಲಿ ಅದೇ ಬ್ಲಾಕಿಗೆ ವೇಗ ತುಸು ಜಾಸ್ತಿ ಬರುತ್ತದೆ. ಅಂಚಿನಲ್ಲಿರುವವರ ಬ್ಲಾಕ್ ಇದ್ದದ್ದಕ್ಕಿಂತ ಜಾಸ್ತಿ ಅಂತ ಕಾಣಬಹುದು. 50-69ರ ಗುಂಪಿಗೂ 70ರ ಮೇಲಿನ ಗುಂಪಿಗೂ ಇಷ್ಟು ವ್ಯತ್ಯಾಸ ಇರುವಾಗ ಹೆಂಗಸರಿಗೆ ಬರೀ ಡಾಪ್ಲರ್ ನೋಡಿ ಆಪರೇಷನ್‌ಗೆ ಹೋಗಬಾರದು. ನಿಮ್ಮ ಅಮ್ಮನಿಗೆ ಸಿಟಿ ಆಂಜಿಯೋ ಆಗಿದೆ, ಒಳ್ಳೆಯದಾಯಿತು.

ಬ್ರಹ್ಮಾವರದ_ಭಜನೆ
ಆ ಆಪರೇಷನ್ ಮಾಡಿಸಿಕೊಂಡವಳು ನಾನು. ಹೆಂಗಸೇ. ಬದುಕಿದ್ದೇನೆ, ಟೈಪ್ ಮಾಡುತ್ತಿದ್ದೇನೆ.

ನನಗೆ ಆದದ್ದು ಕಣ್ಣಿನಲ್ಲಿ. ಬಲಗಣ್ಣಿಗೆ ಮೇಲಿನಿಂದ ಪರದೆ ಇಳಿದ ಹಾಗೆ ಕಪ್ಪಾಯಿತು, ಕೆಲವು ನಿಮಿಷಕ್ಕೆ ಸರಿಯಾಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕಣ್ಣು ನೋಡಿ "ಇದು ಕಣ್ಣಿನದ್ದಲ್ಲ ಅಮ್ಮ, ಕುತ್ತಿಗೆ ತೋರಿಸಿ" ಅಂದರು. ಅವರಿಗೆ ಒಳ್ಳೆಯದಾಗಲಿ.

ಕುತ್ತಿಗೆಯ ಬದಿಯಲ್ಲಿ ಉದ್ದಕ್ಕೆ ಒಂದು ಗೆರೆ. ಈಗ ಮಡಿಕೆಯಲ್ಲಿ ಸೇರಿಹೋಗಿದೆ, ಕರಿಮಣಿ ಹಾಕಿದರೆ ಕಾಣುವುದೂ ಇಲ್ಲ. ನೋವು ನಾನು ಹೆದರಿದಷ್ಟು ಇರಲಿಲ್ಲ. ಆದರೆ ಯಾರೂ ಮೊದಲು ಸರಿಯಾಗಿ ಹೇಳದೇ ಇದ್ದದ್ದು ಸ್ವರದ ವಿಷಯ. ಎದ್ದಾಗ ಸ್ವರ ಒಡೆದಿತ್ತು, ನುಂಗುವಾಗ ನೀರು ನೆತ್ತಿಗೆ ಹತ್ತುತ್ತಿತ್ತು. ನಾನು ಭಜನಾ ಮಂಡಳಿಯಲ್ಲಿ ಹಾಡುವವಳು, ನನಗೆ ಅದು ಸ್ಟ್ರೋಕಿಗಿಂತ ದೊಡ್ಡ ಚಿಂತೆ ಆಯಿತು. ತಿಂಗಳುಗಳು ಕಳೆದ ಮೇಲೆ ಹೆಚ್ಚಿನದೆಲ್ಲ ಬಂತು, ಮೇಲಿನ ಸ್ಥಾಯಿ ಮಾತ್ರ ಮೊದಲಿನ ಹಾಗಿಲ್ಲ. ಕಿವಿಯ ಹಾಲೆ ಮತ್ತು ದವಡೆಯ ಮೂಲೆ ಈಗಲೂ ಮರಗಟ್ಟಿದ ಹಾಗೆ. ಓಲೆ ಹಾಕುವಾಗ ಕನ್ನಡಿ ಬೇಕು, ಇಲ್ಲದಿದ್ದರೆ ತೂತು ಸಿಗುವುದಿಲ್ಲ.

ಇದೆಲ್ಲ ಹೆದರಿಸಲಿಕ್ಕೆ ಅಲ್ಲ. ಮತ್ತೆ ಕಣ್ಣು ಕಪ್ಪಾಗಲಿಲ್ಲ. ಆದರೆ ಅಮ್ಮನ ಹತ್ತಿರ ನೇರವಾಗಿ ಮಾತಾಡಿ. ನನ್ನ ಸಮಯದಲ್ಲಿ ಡಾಕ್ಟರು ಎಲ್ಲ ವಿವರ ಹೇಳಿದ್ದು ನನ್ನ ಯಜಮಾನರಿಗೆ ಮತ್ತು ಮಗನಿಗೆ. ನಾನು ಅಲ್ಲೇ ಮಂಚದ ಮೇಲೆ ಕೂತಿದ್ದೆ.

ಲೆಕ್ಕದ_ಮೇಷ್ಟ್ರು
ಸ್ವರದ ತೊಂದರೆ ಅಪರೂಪ ಅಲ್ಲ. ಅಲ್ಲಿ ಸ್ವರಕ್ಕೆ, ನಾಲಗೆಗೆ, ತುಟಿಗೆ ಹೋಗುವ ನರಗಳೆಲ್ಲ ಹತ್ತಿರ ಹತ್ತಿರ ಇವೆ. ಕ್ರೆಸ್ಟ್‌ನಲ್ಲಿ ಆಪರೇಷನ್ ಮಾಡಿಸಿಕೊಂಡವರಲ್ಲಿ 4.7% ಜನರಿಗೆ ಇಂಥ ನರದ ತೊಂದರೆ ಆಗಿತ್ತು, ಸ್ಟೆಂಟ್ ಹಾಕಿಸಿಕೊಂಡವರಲ್ಲಿ 0.3%. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಯಾಗುತ್ತದೆ.

ಮಣ್ಣಗುಡ್ಡೆ_ಮಾವ
ನೋಡಿ, ನೀವೇ ಹೇಳಿದಿರಿ. ಅದಕ್ಕೇ ಸ್ಟೆಂಟ್!

ಕಾಪು_ದೀಪಸ್ತಂಭ
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಬ್ರಹ್ಮಾವರದ ಅಮ್ಮನ ಮಾತು ಕೇಳಿ "ನನಗೆ ಹಾಡಲಿಕ್ಕೆ ಬರುವುದಿಲ್ಲ, ಆ ಚಿಂತೆ ಬೇಡ" ಅಂದರು. ಈಗ ಉಳಿದದ್ದು ಮಾವ ಹೇಳುವ ಪ್ರಶ್ನೆಯೇ. ಸ್ಟೆಂಟಾ, ಆಪರೇಷನ್ನಾ? ಹೆಂಗಸರಿಗೆ ಇದರಲ್ಲೂ ವ್ಯತ್ಯಾಸ ಉಂಟಾ?

ನೈಟ್‌ಡ್ಯೂಟಿ
ಉಂಟು. ಮಾವನಿಗೆ ಇದು ಇಷ್ಟ ಆಗಲಿಕ್ಕಿಲ್ಲ.

ಕ್ರೆಸ್ಟ್ ಟ್ರಯಲ್‌ನ ಫಲಿತಾಂಶ 2010ರಲ್ಲಿ ಬಂತು. 2502 ಜನ, ಅದರಲ್ಲಿ 872 ಹೆಂಗಸರು. ಒಟ್ಟು ಲೆಕ್ಕದಲ್ಲಿ ಎರಡೂ ಸಮ. 4 ವರ್ಷದಲ್ಲಿ ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಅಥವಾ ಸಾವು ಆದದ್ದು ಸ್ಟೆಂಟ್‌ನಲ್ಲಿ 7.2%, ಆಪರೇಷನ್ನಿನಲ್ಲಿ 6.8%. ಆದರೆ ಸ್ಟೆಂಟ್ ಅಥವಾ ಆಪರೇಷನ್ ಮಾಡುವ ಹೊತ್ತಿಗೆ ಆಗುವ ತೊಂದರೆ ಬೇರೆ ಬೇರೆ. ಸ್ಟೆಂಟ್‌ನಲ್ಲಿ ಸ್ಟ್ರೋಕ್ ಜಾಸ್ತಿ, 4.1ಕ್ಕೆ 2.3. ಆಪರೇಷನ್ನಿನಲ್ಲಿ ಹಾರ್ಟ್ ಅಟ್ಯಾಕ್ ಜಾಸ್ತಿ, 2.3ಕ್ಕೆ 1.1. ಮುಂದಿನ ವರ್ಷ ಗಂಡು ಹೆಣ್ಣು ಬೇರೆ ಮಾಡಿ ನೋಡಿದರು. ಗಂಡಸರಲ್ಲಿ ಆ ಹೊತ್ತಿನ ಸ್ಟ್ರೋಕ್, ಹಾರ್ಟ್ ಅಟ್ಯಾಕ್, ಸಾವು ಎಲ್ಲ ಸೇರಿ ಸ್ಟೆಂಟ್‌ನಲ್ಲಿ 4.3%, ಆಪರೇಷನ್ನಿನಲ್ಲಿ 4.9%. ಹೆಚ್ಚು ಕಡಿಮೆ ಒಂದೇ. ಹೆಂಗಸರಲ್ಲಿ ಸ್ಟೆಂಟ್ 6.8%, ಆಪರೇಷನ್ 3.8%.

ಅಂದರೆ ಆಪರೇಷನ್ ಹೆಂಗಸರಿಗೆ ಆಗುವುದಿಲ್ಲ, ಸ್ಟೆಂಟ್ ಹಾಕಿ ಅಂತ ಊರಲ್ಲಿ ಓಡಾಡುವ ಮಾತಿಗೆ ಈ ಅಂಕಿ ಉಲ್ಟಾ. ಸಣ್ಣ ನಾಳ, ಅಲ್ಲಲ್ಲಿ ತಿರುವು, ಅದರೊಳಗೆ ತಂತಿ, ಫಿಲ್ಟರ್ ತಳ್ಳಿಕೊಂಡು ಹೋಗಬೇಕು. ಒಳಗಿನ ಕಸ ಎದ್ದು ಮೆದುಳಿಗೆ ಹೋದರೆ ಅದೇ ಸ್ಟ್ರೋಕ್.

ಲೆಕ್ಕದ_ಮೇಷ್ಟ್ರು
ತಡೆಯಿರಿ. ಆ ವ್ಯತ್ಯಾಸ ಗಂಡು ಹೆಣ್ಣಿನದ್ದೇ ಅಂತ ಗಟ್ಟಿಯಾಗಿ ಹೇಳುವಷ್ಟು ಬಲ ಆ ಲೆಕ್ಕಕ್ಕೆ ಬರಲಿಲ್ಲ, ಅಂಚಿನಲ್ಲಿ ನಿಂತಿತು. 4 ವರ್ಷದ ಒಟ್ಟು ಫಲಿತಾಂಶದಲ್ಲಂತೂ ಇರಲಿಲ್ಲ. ಮತ್ತೆ ಯುರೋಪಿನ ಮೂರು ಟ್ರಯಲ್, ಇವಾ-3ಎಸ್, ಸ್ಪೇಸ್, ಐಸಿಎಸ್ಎಸ್ ಸೇರಿಸಿ ನೋಡಿದಾಗ ಗಂಡು ಹೆಣ್ಣಿನ ವ್ಯತ್ಯಾಸ ಎದ್ದು ಕಾಣಲಿಲ್ಲ. ಅಲ್ಲಿ ಎದ್ದು ಕಂಡದ್ದು ವಯಸ್ಸು. 70ಕ್ಕಿಂತ ಕಡಿಮೆ ಇದ್ದವರಲ್ಲಿ 120 ದಿನದೊಳಗೆ ಸ್ಟ್ರೋಕ್ ಅಥವಾ ಸಾವು ಸ್ಟೆಂಟ್‌ನಲ್ಲಿ 5.8%, ಆಪರೇಷನ್ನಿನಲ್ಲಿ 5.7%. 70 ಮತ್ತು ಮೇಲ್ಪಟ್ಟವರಲ್ಲಿ ಸ್ಟೆಂಟ್ 12%, ಆಪರೇಷನ್ 5.9%. ಕಾಪುವಿನ ಅಮ್ಮನಿಗೆ 71. ನಾನಾದರೆ ಹೆಣ್ಣು ಅನ್ನುವುದಕ್ಕಿಂತ 71 ಅನ್ನುವುದನ್ನು ಜಾಸ್ತಿ ಲೆಕ್ಕಕ್ಕೆ ಹಿಡಿಯುತ್ತೇನೆ.

ನೈಟ್‌ಡ್ಯೂಟಿ
ಒಪ್ಪುವ ಮಾತು. ಎರಡು ದಾರಿಯಲ್ಲಿ ಹೋದರೂ ಅವರ ವಿಷಯದಲ್ಲಿ ಬರುವುದು ಒಂದೇ ಕಡೆಗೆ. ಹೃದಯ ಗಟ್ಟಿ ಇದ್ದರೆ, ಕುತ್ತಿಗೆಗೆ ಮೊದಲು ರೇಡಿಯೇಷನ್, ಆಪರೇಷನ್ ಆಗಿಲ್ಲದಿದ್ದರೆ, ಬ್ಲಾಕ್ ಕೈಗೆ ಸಿಗುವ ಎತ್ತರದಲ್ಲಿದ್ದರೆ ಓಪನ್ ಆಪರೇಷನ್ ಕಡೆಗೆ. ಇದರಲ್ಲಿ ಒಂದು ಇಲ್ಲ ಅಂದರೂ ಸ್ಟೆಂಟ್ ಮಾತಾಡಬೇಕಾಗುತ್ತದೆ. ಮಂಗಳೂರಿನ ಡಾಕ್ಟರು ಸ್ಟೆಂಟ್ ಅಂದದ್ದಕ್ಕೆ ಇಂಥದ್ದೇನಾದರೂ ಕಾರಣ ಇರಬಹುದು, ಯಾಕೆ ಅಂತ ಅವರನ್ನೇ ಕೇಳಿ. ಕೇಳಿದರೆ ಬೇಜಾರು ಮಾಡುವುದಿಲ್ಲ.

ಕೇಳಬೇಕಾದ ಇನ್ನೊಂದು ಪ್ರಶ್ನೆಗೆ ಸ್ವಲ್ಪ ಧೈರ್ಯ ಬೇಕು. "ನಿಮ್ಮ ಕೈಯಲ್ಲಿ ಎಷ್ಟು ಜನರಿಗೆ ಸ್ಟ್ರೋಕ್ ಅಥವಾ ಸಾವು ಆಗಿದೆ?" ಲಕ್ಷಣ ಬಂದವರಲ್ಲಿ ಅದು 6%ಕ್ಕಿಂತ ಕಡಿಮೆ, ಲಕ್ಷಣ ಇಲ್ಲದವರಲ್ಲಿ 3%ಕ್ಕಿಂತ ಕಡಿಮೆ ಇರಬೇಕು ಅಂತ ಒಂದು ಅಳತೆ ಇದೆ. ವರ್ಷಕ್ಕೆ ಎರಡೋ ಮೂರೋ ಮಾಡುವವರ ಕೈಗಿಂತ ಪದೇ ಪದೇ ಮಾಡುವವರ ಕೈ ಒಳ್ಳೆಯದು. ಈ ಒಂದು ಉತ್ತರದ ಮುಂದೆ ನಾವಿಲ್ಲಿ ಜಗಳ ಮಾಡಿದ ಎಷ್ಟೋ ಅಂಕಿ ಸಣ್ಣದಾಗುತ್ತದೆ.

ಸುರತ್ಕಲ್_ಎಕ್ಸ್‌ಪ್ರೆಸ್
ಹೊರಗಿನಿಂದ ಓದುತ್ತಿದ್ದೆ, ಸುಮ್ಮನಿರಲಿಕ್ಕೆ ಆಗಲಿಲ್ಲ. ನೀವೆಲ್ಲ ನಾಳ ಸಣ್ಣ, ವಯಸ್ಸು ದೊಡ್ಡ ಅಂತ ಮಾತಾಡುತ್ತಾ ಇದ್ದೀರಿ. ತಡ ಆಗುವುದು ಎಲ್ಲಿ ಅಂತ ನಾನು ಹೇಳುತ್ತೇನೆ.

ನನ್ನ ಅತ್ತೆಗೆ ಮುಖ ಒಂದು ಬದಿ ಜೋತು ಬಿತ್ತು, ಕೈ ಎತ್ತಲಿಕ್ಕೆ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಸರಿಯಾಯಿತು. ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಟೆನ್ಷನ್, ಗ್ಯಾಸ್ ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಅದೇ ಬೀದಿಯಲ್ಲಿ ನಮ್ಮ ಪಕ್ಕದ ಮನೆಯ ಗಂಡಸಿಗೆ ಬರೀ ತಲೆ ತಿರುಗಿದ್ದಕ್ಕೆ ಇಸಿಜಿ, ಸಿಟಿ ಎಲ್ಲ ಮಾಡಿದ್ದರು. ಆಮೇಲೆ ಅತ್ತೆಯೇ "ನನಗೇನಿಲ್ಲ, ಮದುವೆ ಮುಗಿಯಲಿ" ಅಂದರು. ಮದುವೆ ಮುಗಿಯಿತು. ಆಮೇಲೆ ಆಟಿ ತಿಂಗಳು, ಮಳೆ ಜೋರು, ಮಳೆ ಬಿಡಲಿ ಅಂದರು. ಆಮೇಲೆ ಮುಂಬೈಯಿಂದ ಮಗ ಬರಲಿ. ಮಗ ಬರುವ ಮೊದಲು ದೊಡ್ಡ ಸ್ಟ್ರೋಕ್ ಬಂತು. ಈಗ ಬಲಗೈಯಲ್ಲಿ ಶಕ್ತಿ ಇಲ್ಲ, ಮಾತು ಅರ್ಧ. ಇದನ್ನು ಹೆಂಗಸರ ನಾಳ ಸಣ್ಣ ಅನ್ನುವ ಲೆಕ್ಕಕ್ಕೆ ಹಾಕುತ್ತೀರಾ?

ನಮ್ಮ ಕಡೆ ಗಂಡಸರೆಲ್ಲ ಮುಂಬೈ, ಗಲ್ಫ್. ಮನೆಯಲ್ಲಿ ವಯಸ್ಸಾದ ಹೆಂಗಸರು. ಅವರಿಗೆ ಕಾಯಿಲೆ ಬಂದರೆ ಸಹಿ ಹಾಕುವವರಿಗೆ ಕಾಯಬೇಕು. ಬುದ್ಧಿ ಸ್ಥಿಮಿತದಲ್ಲಿರುವ ದೊಡ್ಡವರು ತಮ್ಮ ಆಪರೇಷನ್‌ಗೆ ತಾವೇ ಸಹಿ ಹಾಕಬಹುದು, ಆದರೂ.

ಕುಂದಾಪ್ರ_ಕೊಂಕಣ
ಇದು ಮಾತು. ನಮ್ಮ ಅಜ್ಜಿಗೂ ಹೀಗೇ ಆಯಿತು, "ಅವಳಿಗೆ ಮೊದಲಿನಿಂದ ತಲೆಸುತ್ತು ಉಂಟು" ಅಂತ. ಕೊನೆಗೆ ತಲೆಸುತ್ತು ಅಲ್ಲ ಅಂತ ಗೊತ್ತಾದದ್ದು ಅಜ್ಜಿ ಬಿದ್ದ ಮೇಲೆ.

ನೈಟ್‌ಡ್ಯೂಟಿ
ಸುರತ್ಕಲ್ ಹೇಳಿದ್ದನ್ನು ನಾವು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇವೆ. ಇದಕ್ಕೆ ನಾನು ಮೇಲೆ ಹೇಳಿದ ಅಂಕಿಯನ್ನು ಸೇರಿಸಿ ನೋಡಿ. ಹೆಂಗಸರಲ್ಲಿ ಲಾಭ ಬೇಗ ಕರಗುತ್ತದೆ ಅಂದೆ. ಅದಕ್ಕೆ ಕೊಡುವ ಒಂದು ವಿವರಣೆ ಹೀಗೆ. ಹೆಂಗಸರ ಬ್ಲಾಕಿನಲ್ಲಿ ಕೊಬ್ಬು, ಉರಿಯೂತ ಕಡಿಮೆ, ನಾರು ಜಾಸ್ತಿ. ಒಮ್ಮೆ ಒಡೆದರೂ ಬೇಗ ಮುಚ್ಚಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಮೊದಲ ದಿನಗಳನ್ನು ದಾಟಿದ ಹೆಂಗಸಿಗೆ ಬರೀ ಮಾತ್ರೆಯಲ್ಲೂ ಸ್ಟ್ರೋಕ್ ಅಪಾಯ ಗಂಡಸರಿಗಿಂತ ಕಡಿಮೆ. ಆದರೆ ಆಪರೇಷನ್ನಿನ ಅಪಾಯ ಯಾವಾಗ ಮಾಡಿದರೂ ಇದ್ದೇ ಇದೆ. ತಡ ಮಾಡಿ ಮಾಡಿದರೆ ಅಪಾಯ ಮಾತ್ರ ಕೈಗೆ ಸಿಗುತ್ತದೆ, ಲಾಭ ಆಗಲೇ ಹೋಗಿರುತ್ತದೆ.

ಈಗ ಯೋಚಿಸಿ. ಬೇಗ ಮಾಡಿದರೆ ಮಾತ್ರ ಜಾಸ್ತಿ ಲಾಭ ಇರುವವರನ್ನೇ ನಾವು ತಡವಾಗಿ ಕರೆತರುತ್ತೇವೆ. ಆಮೇಲೆ ಹೆಂಗಸರಿಗೆ ಪ್ರಯೋಜನ ಇಲ್ಲ ಅಂತ ಮೆಸೇಜ್ ಕಳಿಸುತ್ತೇವೆ.

ಕಾಪು_ದೀಪಸ್ತಂಭ
ಅಣ್ಣನಿಗೆ ಫೋನ್ ಮಾಡಿದೆ. ಅವನು ಬರುವವರೆಗೆ ಕಾಯುವುದಿಲ್ಲ, ವಿಡಿಯೋ ಕಾಲ್‌ನಲ್ಲಿ ಡಾಕ್ಟರ ಹತ್ತಿರ ಮಾತಾಡುತ್ತಾನೆ. ನಾಳೆ ಸರ್ಜನ್ ಭೇಟಿ. ಅಮ್ಮನೇ ಒಳಗೆ ಕೂತು ಕೇಳುತ್ತೇನೆ ಅಂದಿದ್ದಾರೆ. ಖರ್ಚಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಪಡುಬಿದ್ರಿ_ಪಾಸ್‌ಬುಕ್
ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೀರಾ? ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದರೆ ಸರ್ಕಾರದ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿ. ಯಾವ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ, ರೆಫರಲ್ ಬೇಕಾ ಅಂತ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ. ಅಡ್ಮಿಟ್ ಆದ ಮೇಲೆ ಓಡಾಡುವುದು ಕಷ್ಟ. ಆಧಾರ್, ರೇಷನ್ ಕಾರ್ಡ್ ಒರಿಜಿನಲ್ ಕೈಯಲ್ಲಿರಲಿ.

ಕಾರ್ಕಳದ_ಕಲ್ಲು
ನನ್ನದೂ ಒಂದು ಪ್ರಶ್ನೆ. ಹೆಂಡತಿಗೆ 62. ಏನೂ ತೊಂದರೆ ಇಲ್ಲ, ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾಳೆ. ಆಫರ್ ಉಂಟು ಅಂತ ಫುಲ್ ಬಾಡಿ ಚೆಕಪ್ ಮಾಡಿಸಿದೆವು, ಅದರಲ್ಲಿ ಕುತ್ತಿಗೆಯ ಡಾಪ್ಲರ್ ಕೂಡ ಇತ್ತು. 60% ಬ್ಲಾಕ್ ಅಂತ ಬಂದಿದೆ. ಮೂರು ದಿನದಿಂದ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನಾವೂ 14 ದಿನದೊಳಗೆ ಮಾಡಿಸಬೇಕಾ?

ಸ್ಕ್ಯಾನ್‌ರೂಮ್
ಇಲ್ಲ ಇಲ್ಲ. ಆ 14 ದಿನ ಲಕ್ಷಣ ಬಂದವರಿಗೆ. ಲಕ್ಷಣ ಇಲ್ಲದವರಿಗೆಲ್ಲ ಈ ಡಾಪ್ಲರ್ ಮಾಡಿಸುವುದೇ ಬೇಡ ಅಂತ ಅಮೆರಿಕದ ತಜ್ಞರ ಸಮಿತಿ 2014ರಲ್ಲೂ 2021ರಲ್ಲೂ ಹೇಳಿದೆ. ಪ್ಯಾಕೇಜಿನಲ್ಲಿ ಸೇರಿಸಿ ಮಾರುತ್ತಾರೆ, ಏನು ಮಾಡುವುದು. ನಾನು ಮೇಲೆ ಬರೆದ ವೇಗದ ವಿಷಯವನ್ನೂ ನೆನಪಿಡಿ, ನಿಮ್ಮ 60 ಇನ್ನೊಂದು ಕಡೆ 50 ಅಂತ ಬರಲೂಬಹುದು.

ಲೆಕ್ಕದ_ಮೇಷ್ಟ್ರು
ಹೆಂಗಸರು ನಿಜವಾಗಿ ಎಚ್ಚರಿಕೆಯಿಂದ ಇರಬೇಕಾದದ್ದು ಇಲ್ಲೇ. ಲಕ್ಷಣ ಇಲ್ಲದವರ ಮೇಲೆ ನಡೆದ ಅಕಾಸ್ ಟ್ರಯಲ್ 1995ರಲ್ಲಿ ಬಂತು, 60% ಮತ್ತು ಅದಕ್ಕಿಂತ ಜಾಸ್ತಿ ಬ್ಲಾಕ್ ಇದ್ದವರು. ಆಪರೇಷನ್ನಿನಿಂದ 5 ವರ್ಷದ ಅಪಾಯ 11%ದಿಂದ 5.1%ಕ್ಕೆ ಇಳಿಯಿತು ಅಂತ ಎಲ್ಲ ಕಡೆ ಸುದ್ದಿ. ಒಳಗೆ ನೋಡಿದರೆ ಗಂಡಸರಲ್ಲಿ ಅಪಾಯ 66% ಇಳಿದಿತ್ತು, ಹೆಂಗಸರಲ್ಲಿ 17% ಮಾತ್ರ, ಅದೂ ಕಾಕತಾಳೀಯ ಅನ್ನಬಹುದಾದಷ್ಟು. ಆಪರೇಷನ್ ಹೊತ್ತಿನ ತೊಂದರೆ ಹೆಂಗಸರಲ್ಲಿ 3.6%, ಗಂಡಸರಲ್ಲಿ 1.7%. ಚಿಕ್ಕಪ್ಪನ ಮೆಸೇಜಿನ "ಡಬಲ್" ಬಹುಶಃ ಇಲ್ಲಿಯದ್ದು, ಕಾಪುವಿನ ಅಮ್ಮನಿಗೆ ಅದು ಸಂಬಂಧವೇ ಇಲ್ಲ. ಆಮೇಲೆ 3120 ಜನರ ಎಸಿಎಸ್‌ಟಿ ಟ್ರಯಲ್ ಬಂತು. ಅದರ 10 ವರ್ಷದ ಲೆಕ್ಕ 2010ರಲ್ಲಿ ಬಂದಾಗ 75ರ ಒಳಗಿನ ಹೆಂಗಸರಲ್ಲೂ ಲಾಭ ಕಂಡಿತು. ಆದರೆ ಅದು ವರ್ಷಗಟ್ಟಲೆ ಕಾದರೆ ಸಿಗುವ ಲಾಭ.

ನೈಟ್‌ಡ್ಯೂಟಿ
ಆ ಟ್ರಯಲ್‌ಗಳ ಕಾಲದ ಮಾತ್ರೆಗೂ ಈಗಿನ ಮಾತ್ರೆಗೂ ವ್ಯತ್ಯಾಸ ಉಂಟು ಅನ್ನುವುದನ್ನೂ ಸೇರಿಸಿ. ಆಗ ಸ್ಟ್ಯಾಟಿನ್ ತೆಗೆದುಕೊಳ್ಳುವವರೇ ಕಡಿಮೆ. ಈಚೆಗೆ ಬಂದ ಕ್ರೆಸ್ಟ್-2ರಲ್ಲಿ ಲಕ್ಷಣ ಇಲ್ಲದ, 70% ಮೇಲ್ಪಟ್ಟ ಬ್ಲಾಕ್ ಇದ್ದವರಿಗೆ ಒಳ್ಳೆಯ ಮಾತ್ರೆ ಕೊಟ್ಟು ಹೋಲಿಸಿದರು. ಅದರಲ್ಲಿ ಸ್ಟೆಂಟ್‌ನಿಂದ ಲಾಭ ಕಂಡಿತು, ಆಪರೇಷನ್ನಿನಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಮಾವ, ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆದರೆ ಇದು ಲಕ್ಷಣ ಇಲ್ಲದವರ ಲೆಕ್ಕ, ಅದೂ ಹುಡುಕಿ ಆರಿಸಿದ ಅನುಭವಿ ಕೈಗಳು.

ಮಣ್ಣಗುಡ್ಡೆ_ಮಾವ
ತೆಗೆದಿಟ್ಟೆ.

ನೈಟ್‌ಡ್ಯೂಟಿ
ಕಾರ್ಕಳದವರೇ, ನಿಮ್ಮ ಮನೆಯವರಿಗೆ ಈಗ ಬೇಕಾದದ್ದು ಸರ್ಜನ್ ಅಲ್ಲ, ಒಬ್ಬ ಒಳ್ಳೆಯ ಫಿಸಿಷಿಯನ್. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಲಿ. ಸ್ಟ್ಯಾಟಿನ್ ಬೇಕಾಗುತ್ತದೆ. ಆಸ್ಪಿರಿನ್ ನೀವೇ ಶುರು ಮಾಡಬೇಡಿ, ಅವರು ನೋಡಿ ಹೇಳಲಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಬಿಡಿಸಿ. ನಮ್ಮ ಕಡೆ ಹೆಂಗಸರ ಹತ್ತಿರ ಬೀಡಿ ಸಿಗರೇಟ್ ಬಗ್ಗೆ ಕೇಳಿ "ಇಲ್ಲ" ಅಂತ ಬರೆದುಕೊಳ್ಳುತ್ತಾರೆ, ಇದನ್ನು ಕೇಳುವುದೇ ಇಲ್ಲ. ಡಾಪ್ಲರ್ ಯಾವಾಗ ಮತ್ತೆ ಮಾಡಬೇಕು ಅಂತ ಅವರೇ ಹೇಳುತ್ತಾರೆ, ಸಾಧ್ಯ ಆದರೆ ಅದೇ ಲ್ಯಾಬಿನಲ್ಲಿ.

ಮತ್ತೆ ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಮುಖ ಸೊಟ್ಟ, ಒಂದು ಬದಿಯ ಕೈ ಕಾಲು ಸೋಲುವುದು, ಮಾತು ತೊದಲುವುದು, ಒಂದು ಕಣ್ಣಿಗೆ ಪರದೆ. ಇದರಲ್ಲಿ ಯಾವುದೇ ಬಂದರೂ, ಐದು ನಿಮಿಷದಲ್ಲಿ ಸರಿಯಾದರೂ, ಅವತ್ತೇ ಸಿಟಿ ಇರುವ ಆಸ್ಪತ್ರೆಗೆ. ಸರಿಯಾಗದೇ ಇದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಮಿತಿ ಉಂಟು. ಕಾರ್ಕಳದಿಂದ ಮಣಿಪಾಲಕ್ಕೆ ಆ ಹೊತ್ತಿನಲ್ಲಿ ಆರಾಮಾಗಿ ಹೋಗಬಹುದು, ಹೊರಟರೆ.

ಕಾರ್ಕಳದ_ಕಲ್ಲು
ಹೊಗೆಸೊಪ್ಪು ಹಾಕುತ್ತಾಳೆ. ಡಾಕ್ಟರು ಯಾರೂ ಕೇಳಿರಲಿಲ್ಲ.